ಅಧ್ಯಾಯ 5: ಬೋನಸ್ ಕೇಳಿದ ಸಿಪಾಯಿಗಳು

ಎರಡು ಮಹಾಯುದ್ಧಗಳ ನಡುವೆ ಅಮೆರಿಕದ ಅಧ್ಯಕ್ಷರಾದ ಹಾರ್ಡಿಂಗ್, ಕೂಲಿಜ್, ಹೂವರ್ ರಿಪಬ್ಲಿಕನ್ ಪಕ್ಷದವರು. ಅವರ ನಂತರ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಡೆಮಾಕ್ರಾಟ್. ಬಡವರಿಗೆ ಸರ್ಕಾರ ಎಷ್ಟು ನೆರವಾಗಬೇಕು ಎಂಬ ಪ್ರಶ್ನೆಗೆ ಎರಡು ಪಕ್ಷಗಳ ಉತ್ತರ ಬೇರೆ ಬೇರೆ. ಆದರೂ ಒಂದು ಬೇಡಿಕೆಯನ್ನು ನಾಲ್ವರೂ ತಳ್ಳಿಹಾಕಿದರು. ಅದು ಮೊದಲ ಮಹಾಯುದ್ಧದಿಂದ ಮರಳಿದ ಸಿಪಾಯಿಗಳ ಬೋನಸ್.

ಇಪ್ಪತ್ತು ವರ್ಷದ ವಾಯಿದೆ

ಯುದ್ಧಕಾಲದಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ ದಿನಕ್ಕೆ ಸುಮಾರು 1 ಡಾಲರ್. ಊರಲ್ಲೇ ಉಳಿದು ಕಾರ್ಖಾನೆಗೆ ಹೋದವರು ಅದಕ್ಕಿಂತ ಎಷ್ಟೋ ಹೆಚ್ಚು ದುಡಿದಿದ್ದರು. ಈ ಅಂತರ ತುಂಬಿಕೊಡಿ ಎಂಬ ಮಸೂದೆಗೆ 1922ರಲ್ಲಿ ಹಾರ್ಡಿಂಗ್ ವೀಟೊ ಹಾಕಿದರು. 1924ರಲ್ಲಿ ಕೂಲಿಜ್ ಕೂಡ ಹಾಗೆಯೇ ಮಾಡಿದರು. ಆದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಸಿಕ್ಕರೆ ವೀಟೊ ಬಿದ್ದುಹೋಗುತ್ತದೆ. ಈ ಸಲ ಕಾಂಗ್ರೆಸ್‌ಗೆ ಅಷ್ಟು ಮತ ಸಿಕ್ಕಿತು.

ಕಾನೂನಿನ ಲೆಕ್ಕ ಸರಳ: ದೇಶದೊಳಗಿನ ಸೇವೆಗೆ ದಿನಕ್ಕೆ 1 ಡಾಲರ್, ಕಡಲಾಚೆಯ ಸೇವೆಗೆ ಒಂದೂಕಾಲು ಡಾಲರ್. ತೊಡಕಿದ್ದದ್ದು ವಾಯಿದೆಯಲ್ಲಿ. ಸಣ್ಣ ಮೊತ್ತವಾದರೆ ಕೂಡಲೇ ಪಾವತಿ. ಉಳಿದವರ ಕೈಗೆ ಬಂದದ್ದು 1945ರಲ್ಲಿ ಹಣವಾಗುವ ಪ್ರಮಾಣಪತ್ರ. ಸಿಪಾಯಿ ಅಷ್ಟರೊಳಗೆ ಸತ್ತರೆ ಹಣ ವಾರಸುದಾರರಿಗೆ. ಹಾಗಾಗಿ ಜನ ಇದನ್ನು ‘ಗೋರಿಕಲ್ಲಿನ ಬೋನಸ್’ ಎಂದು ಆಡಿಕೊಂಡರು.

ಅನಕೋಸ್ಟಿಯಾದ ಶಿಬಿರ

1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ 1945ರ ತನಕ ಕಾಯುವ ತ್ರಾಣ ಎಲ್ಲಿಂದ ಬರಬೇಕು? 1932ರ ಬೇಸಿಗೆಯಲ್ಲಿ ವಾಲ್ಟರ್ ವಾಟರ್ಸ್ ಎಂಬ ನಿರುದ್ಯೋಗಿ ಮಾಜಿ ಸಾರ್ಜೆಂಟ್ ಆರಿಗನ್ ರಾಜ್ಯದಿಂದ ಒಂದು ತಂಡ ಕಟ್ಟಿಕೊಂಡು ಗೂಡ್ಸ್ ರೈಲು ಹತ್ತಿದರು. ದಾರಿಯುದ್ದಕ್ಕೂ ಸುದ್ದಿ ಹಬ್ಬಿತು. ನೋಡನೋಡುತ್ತ ಸಾವಿರಾರು ಸಿಪಾಯಿಗಳು ವಾಷಿಂಗ್ಟನ್‌ಗೆ ಬಂದಿಳಿದರು. ಹಲವರ ಜೊತೆ ಹೆಂಡತಿ ಮಕ್ಕಳೂ ಇದ್ದರು.

ಅನಕೋಸ್ಟಿಯಾ ನದಿದಡದ ಕೆಸರು ಬಯಲಲ್ಲಿ ತಗಡು, ಹಳೇ ಹಲಗೆ, ರಟ್ಟು ಜೋಡಿಸಿ ಗುಡಿಸಲುಗಳೆದ್ದವು. ಶಿಬಿರ ನಡೆದದ್ದು ಸೈನ್ಯದ ಶಿಸ್ತಿನಲ್ಲೇ: ಬೀದಿಗಳಿದ್ದವು, ಕಾವಲಿತ್ತು, ಕವಾಯತು ನಡೆಯುತ್ತಿತ್ತು. ಸೈನ್ಯದಲ್ಲೇ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಇಡುತ್ತಿದ್ದ ಆ ಕಾಲದಲ್ಲಿ ಇಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿ ಬಾಳಿದರು. ನಗರದ ಪೊಲೀಸ್ ಮುಖ್ಯಸ್ಥ ಗ್ಲಾಸ್‌ಫರ್ಡ್ ಅವರೂ ಮಾಜಿ ಸೇನಾಧಿಕಾರಿ. ಬಂದವರ ಊಟಕ್ಕಾಗಿ ಓಡಾಡಿದರು.

ಬೋನಸ್ಸನ್ನು ಕೂಡಲೇ ಕೊಡುವ ಮಸೂದೆಗೆ ಜೂನ್ 15ರಂದು ಕೆಳಮನೆ ಒಪ್ಪಿತು. ಎರಡು ದಿನ ಕಳೆದು ಮೇಲ್ಮನೆಯಾದ ಸೆನೆಟ್ 62–18 ಮತಗಳಿಂದ ತಿರಸ್ಕರಿಸಿತು. ಬೇಕಿದ್ದದ್ದು ಸುಮಾರು 240 ಕೋಟಿ ಡಾಲರ್, ಅಂದರೆ ಕೇಂದ್ರ ಸರ್ಕಾರದ ಅಂದಿನ ವಾರ್ಷಿಕ ಖರ್ಚಿನ ಅರ್ಧದಷ್ಟು. ಬಜೆಟ್ ಸರಿದೂಗಿಸಬೇಕೆಂದು ಹಟ ಹಿಡಿದಿದ್ದ ಹೂವರ್ ಮೊದಲಿನಿಂದಲೂ ಇದಕ್ಕೆ ವಿರುದ್ಧವಾಗಿದ್ದರು. ಕೆಲವರು ಊರಿಗೆ ಮರಳಿದರು, ಸಾವಿರಾರು ಮಂದಿ ಅಲ್ಲೇ ಉಳಿದರು.

ಜುಲೈ 28

ನಗರದ ಪೆನ್ಸಿಲ್ವೇನಿಯಾ ಅವೆನ್ಯೂ ರಸ್ತೆಯ ಖಾಲಿ ಕಟ್ಟಡಗಳಲ್ಲಿ ತಂಗಿದ್ದ ಸಿಪಾಯಿಗಳನ್ನು ಹೊರಹಾಕುವಾಗ ಗಲಾಟೆಯಾಯಿತು. ಪೊಲೀಸರ ಗುಂಡಿಗೆ ಇಬ್ಬರು ಸಿಪಾಯಿಗಳು ಬಲಿಯಾದರು. ಹೂವರ್ ಸೈನ್ಯ ಕರೆಸಿದರು. ಜನರಲ್ ಮೆಕಾರ್ಥರ್ ಕುದುರೆ ದಳ, ಟ್ಯಾಂಕು, ಅಶ್ರುವಾಯುವಿನೊಂದಿಗೆ ಬೀದಿಗಿಳಿದರು. ನದಿ ದಾಟಬೇಡಿ ಎಂದು ಅಧ್ಯಕ್ಷರು ಹೇಳಿಕಳಿಸಿದರೂ ದಾಟಿದರು. ಆ ರಾತ್ರಿ ಶಿಬಿರ ಹೊತ್ತಿ ಉರಿಯಿತು. ಅಪ್ಪಣೆ ಮೀರಿದ್ದು ಮೆಕಾರ್ಥರ್. ಹೂವರ್ ಬಹಿರಂಗವಾಗಿ ಅವರನ್ನು ಬಿಟ್ಟುಕೊಡದೆ ಅಪಕೀರ್ತಿಯನ್ನು ತಾವೇ ಹೊತ್ತರು. ಕುಸಿತದಿಂದ ಮೊದಲೇ ಕಳೆಗುಂದಿದ್ದ ಅವರು ನವೆಂಬರ್ ಚುನಾವಣೆಯಲ್ಲಿ 48 ರಾಜ್ಯಗಳ ಪೈಕಿ 42ರಲ್ಲಿ ಸೋತರು.

ಉಪಚಾರ ಬೇರೆ, ಉತ್ತರ ಒಂದೇ

1933ರ ಮೇ ತಿಂಗಳಲ್ಲಿ ಸಿಪಾಯಿಗಳ ಇನ್ನೊಂದು ತಂಡ ಬಂತು. ಆ ತಂಡಕ್ಕೆ ರೂಸ್‌ವೆಲ್ಟ್ ಡೇರೆ, ಮೂರು ಹೊತ್ತಿನ ಊಟ ಏರ್ಪಡಿಸಿದರು. ಪತ್ನಿ ಎಲೀನರ್ ಶಿಬಿರಕ್ಕೆ ಹೋಗಿ ಅವರೊಂದಿಗೆ ಹಾಡಿದರು. ‘ಹೂವರ್ ಸೈನ್ಯ ಕಳಿಸಿದರು, ರೂಸ್‌ವೆಲ್ಟ್ ಹೆಂಡತಿಯನ್ನು ಕಳಿಸಿದರು’ ಎಂಬ ಮಾತು ಹುಟ್ಟಿದ್ದು ಆಗಲೇ. ಅರಣ್ಯ ರಕ್ಷಣೆಯ ಸರ್ಕಾರಿ ಯೋಜನೆಯಲ್ಲಿ ಅವರಿಗೆ ಕೆಲಸವನ್ನೂ ಕೊಡಲಾಯಿತು.

ಬೋನಸ್ ಮಾತ್ರ ಸಿಗಲಿಲ್ಲ. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ರೂಸ್‌ವೆಲ್ಟ್ ಮಾಜಿ ಸಿಪಾಯಿಗಳ ಸೌಲಭ್ಯಗಳಿಗೆ ಕತ್ತರಿ ಹಾಕಿದ್ದರು. ಸಮವಸ್ತ್ರ ತೊಟ್ಟಿದ್ದ ಮಾತ್ರಕ್ಕೆ ಆರೋಗ್ಯವಂತನೊಬ್ಬನಿಗೆ ವಿಶೇಷ ಹಕ್ಕು ಬರುವುದಿಲ್ಲ ಎಂಬುದು ಅವರ ನಿಲುವು. 1935ರಲ್ಲಿ ಖುದ್ದಾಗಿ ಕಾಂಗ್ರೆಸ್ಸಿಗೆ ಹೋಗಿ ಬೋನಸ್ ಮಸೂದೆಯ ವೀಟೊ ಸಂದೇಶ ಓದಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ದ್ವೀಪಗಳಲ್ಲಿ ಹೆದ್ದಾರಿ ಕೆಲಸಕ್ಕಿದ್ದ 200ಕ್ಕೂ ಹೆಚ್ಚು ಮಾಜಿ ಸಿಪಾಯಿಗಳು ಚಂಡಮಾರುತಕ್ಕೆ ಸಿಕ್ಕಿ ಸತ್ತರು. ಅವರನ್ನು ಕರೆತರಲು ಹೊರಟ ರೈಲು ತಡವಾಗಿತ್ತು. 1936ರ ಜನವರಿಯಲ್ಲಿ ಕಾಂಗ್ರೆಸ್ ರೂಸ್‌ವೆಲ್ಟರ ಇನ್ನೊಂದು ವೀಟೊವನ್ನು ಬದಿಗೊತ್ತಿ ಬೋನಸ್ ಕೊಡಿಸಿತು.

ಯುದ್ಧ ಮುಗಿಯುವ ಮೊದಲೇ

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1944ರ ಜೂನ್ 22ರಂದು, ಅದೇ ರೂಸ್‌ವೆಲ್ಟ್ ‘ಜಿ.ಐ. ಬಿಲ್’ಗೆ ಸಹಿ ಹಾಕಿದರು. ಮರಳಿದ ಸಿಪಾಯಿಗೆ ಕಾಲೇಜು ಶುಲ್ಕ, ಮನೆ ಸಾಲಕ್ಕೆ ಸರ್ಕಾರದ ಖಾತರಿ, ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರಿನಂತೆ 52 ವಾರಗಳವರೆಗೆ ಭತ್ಯೆ. ಬೋನಸ್ ಎಂದರೆ ಮುಗಿದುಹೋದ ಸೇವೆಯ ಬಾಕಿ. ಅದನ್ನು ಕೊಡಬೇಕೇ ಬೇಡವೇ ಎಂದು ಸರ್ಕಾರ ಹದಿನಾಲ್ಕು ವರ್ಷ ಜಗ್ಗಾಡಿತ್ತು. ಹೊಸ ಕಾನೂನು ಸಿಪಾಯಿಯ ಮುಂದಿನ ಬದುಕಿಗೆ ಹಣ ಹೂಡಿತು. 1932ರ ಗಲಭೆ ಮರುಕಳಿಸಬಾರದೆಂಬ ಭಯವೂ ಅದರ ಹಿಂದಿತ್ತು. ವಾಟರ್ಸ್ ತಂಡ ಬರಿಗೈಯಲ್ಲಿ ಮರಳಿದ್ದು ನಿಜ. ಆದರೆ ಅವರ ಹೋರಾಟದ ಫಲ ಮುಂದಿನ ಪೀಳಿಗೆಯ ಲಕ್ಷಾಂತರ ಸಿಪಾಯಿಗಳಿಗೆ ದಕ್ಕಿತು.