ಅಲೆಗಳ ಊರಿನಲ್ಲಿ ಆರು ರಾತ್ರಿ

"ಅಮ್ಮಾ, ಹೋಟೆಲ್ ಅಲ್ಲ, ಹಾಸ್ಟೆಲ್. ಒಂದು ರೂಮಿನಲ್ಲಿ ಎಂಟು ಹಾಸಿಗೆ. ನಿನಗೆ ಆಗುತ್ತಾ ನೋಡು" ಎಂದು ಮಗಳು ಫೋನಿನಲ್ಲಿ ಕೇಳಿದಾಗ ನಾನು ಅಡಿಗೆಮನೆಯಲ್ಲಿ ಕುಳಿತು ಅವರೆಕಾಳು ಹಿಸುಕುತ್ತಿದ್ದೆ.

"ನಿನ್ನ ಕಾಲೇಜು ಹಾಸ್ಟೆಲ್ ತರಹವೇನೇ?"

"ಹೂಂ, ಅದೇ ತರಹ. ಆದರೆ ವಾರ್ಡನ್ ಇರೋದಿಲ್ಲ!"

ಮಗಳು ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸೆಪ್ಟೆಂಬರಿನಲ್ಲಿ ಬಂದು ಹೋಗು, ಒಂದು ವಾರ ಸಮುದ್ರದ ಹತ್ತಿರ ಇರೋಣ ಎಂದು ದುಂಬಾಲು ಬಿದ್ದಿದ್ದಳು. ಹೂಂ ಎಂದೆ. ಆದರೆ ಸಮುದ್ರ ಎಂದೊಡನೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು.

ಅದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ನಾನು ಹಾಕಿದ್ದ ಕಾನೂನು ಒಂದೇ: ನೀರಿನ ಹತ್ತಿರ ಹೋಗಕೂಡದು. ಕೆರೆ ಏರಿ ಹತ್ತುವಂತಿಲ್ಲ, ಬಾವಿಗೆ ಇಣುಕುವಂತಿಲ್ಲ. ಶಾಲೆಯಿಂದ ಮುರ್ಡೇಶ್ವರಕ್ಕೆ ಪ್ರವಾಸ ಹೋದಾಗಲೂ ದಡದಲ್ಲಿ ಮೇಷ್ಟ್ರ ಕೈ ಬಿಡಬೇಡ ಎಂದು ಆಣೆ ಹಾಕಿಸಿ ಕಳಿಸಿದವಳು ನಾನು. ಯಾಕೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಲಿಸ್ಬನ್ನಿನಿಂದ ಬಸ್ಸು ಹೊರಟ ಮೇಲೆ ಮಗಳು ಮೆಲ್ಲನೆ ಬಾಯಿಬಿಟ್ಟಳು. ಅವಳು ಅಲ್ಲಿಗೆ ಬಂದ ಮೇಲೆ ಈಜು ಕಲಿತಿದ್ದಾಳೆ. ಅಷ್ಟೇ ಅಲ್ಲ, ಒಂದು ವರ್ಷದಿಂದ ಹಲಗೆ ಹಿಡಿದು ಅಲೆಯ ಮೇಲೆ ನಿಲ್ಲುವ ಸರ್ಫಿಂಗ್ ಆಟಕ್ಕೂ ಇಳಿದಿದ್ದಾಳೆ! "ಮನೇಲೇ ಯಾಕೆ ಹೇಳಲಿಲ್ಲ?" ಎಂದರೆ, "ಬಸ್ಸಿನಲ್ಲಿ ಹೇಳಿದರೆ ನೀನು ಎದ್ದು ಹೋಗೋಕಾಗಲ್ಲ ಅಂತ" ಎಂದಳು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತೆ.

ಎರಡು ಕಡೆ ಸಮುದ್ರ

ಲಿಸ್ಬನ್ನಿನಿಂದ ಉತ್ತರಕ್ಕೆ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಪೆನಿಶ್ ಎಂಬ ಮೀನುಗಾರರ ಪಟ್ಟಣ. ಒಂದು ಕಾಲಕ್ಕೆ ಇದು ದ್ವೀಪವೇ ಆಗಿತ್ತಂತೆ. ಶತಮಾನಗಳಲ್ಲಿ ಮರಳು ತುಂಬಿ ನೆಲಕ್ಕೆ ಅಂಟಿಕೊಂಡಿದೆ. ಪಕ್ಕದಲ್ಲೇ ಬಲೆಯಾಲ್ ಎಂಬ ಪುಟ್ಟ ನಡುಗಡ್ಡೆ. ಅದಕ್ಕೂ ದಡಕ್ಕೂ ನಡುವೆ ಮರಳಿನ ಒಂದು ಪಟ್ಟಿ, ಅದರ ಮೇಲೆ ರಸ್ತೆ. ರಸ್ತೆಯ ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ. ಒಂದು ಕಡೆ ಗಾಳಿ ಜೋರಾದರೆ ಇನ್ನೊಂದು ಕಡೆ ಶಾಂತವಾಗಿರುವುದರಿಂದ ಹೊಸಬರಿಗೆ ಕಲಿಸಲು ಈ ಜಾಗ ಒಳ್ಳೆಯದು. ಇನ್ನೊಂದು ಬದಿಯಲ್ಲಿರುವ ಸೂಪರ್‌ಟೂಬೋಸ್ ಎಂಬ ದಡದಲ್ಲಾದರೋ ಅಲೆ ಕೊಳವೆಯಂತೆ ಸುರುಳಿಯಾಗುತ್ತದೆ. 2009ರಿಂದ ಜಗತ್ತಿನ ಪ್ರಸಿದ್ಧ ಸರ್ಫಿಂಗ್ ಪಟುಗಳು ಸ್ಪರ್ಧೆಗೆಂದು ಅಲ್ಲಿಗೆ ಬರುತ್ತಿದ್ದಾರೆ.

ಹೀಗಾಗಿ ಊರ ತುಂಬ ಸರ್ಫಿಂಗ್ ಶಾಲೆಗಳು, ಅಲ್ಲಿ ಕಲಿಯಲು ಬರುವವರಿಗೆ ಕಡಿಮೆ ಖರ್ಚಿನ ಹಾಸ್ಟೆಲುಗಳು. ನಮ್ಮದು ಎರಡಂತಸ್ತಿನ ಬಿಳಿ ಮನೆ. ಒಂದು ಹಾಸಿಗೆಗೆ ರಾತ್ರಿಗೆ 25 ಯೂರೋ.

ಅವರವರ ತಟ್ಟೆ ಅವರವರಿಗೆ

ಬಾಗಿಲಲ್ಲೇ ನೀರಿನ ಕೊಳಾಯಿ. ಕಾಲಿನ ಮರಳು ತೊಳೆದೇ ಒಳಗೆ ಬರಬೇಕು. ನಮ್ಮ ಹಿರಿಯರು ಅಂಗಳದಲ್ಲಿ ಕಾಲಿಗೆ ನೀರು ಕೊಡುತ್ತಿದ್ದುದು ನೆನಪಾಗಿ ಅರ್ಧ ಸಮಾಧಾನವಾಯಿತು. ಹಿತ್ತಿಲಿನಲ್ಲಿ ಹಗ್ಗದ ಮೇಲೆ ಕಪ್ಪು ರಬ್ಬರಿನ ಉಡುಪುಗಳು ಬಾವಲಿಗಳ ಹಾಗೆ ಜೋತುಬಿದ್ದಿದ್ದವು. ಅಲ್ಲಿಯ ಸಮುದ್ರ ಬೇಸಗೆಯಲ್ಲೂ ತಣ್ಣಗಿರುತ್ತದೆ, ನೀರಿನ ಉಷ್ಣತೆ 20 ಡಿಗ್ರಿ ದಾಟುವುದೇ ಅಪರೂಪ. ಅದಕ್ಕೇ ಈ ಉಡುಪು.

ನಮ್ಮದು ಹೆಂಗಸರ ಕೋಣೆ. ರೈಲಿನ ಬರ್ತಿನ ಹಾಗೆ ಮೇಲೊಂದು ಕೆಳಗೊಂದು ಮಂಚ. ನನಗೆ ಕೆಳಗಿನದು ಸಿಕ್ಕಿತು. ಹಾಸಿಗೆಗೊಂದು ಪರದೆ, ತಲೆಯ ಹತ್ತಿರ ಸಣ್ಣ ದೀಪ, ಸಾಮಾನಿಗೆ ಕಬ್ಬಿಣದ ಪೆಟ್ಟಿಗೆ. ಬೀಗ ನಾವೇ ತರಬೇಕು. ಮನೆ ನೋಡಿಕೊಳ್ಳುವಾಕೆ ಕೊಟ್ಟ ಕೀಲಿಕೈಗೆ 'ಶಾವ್' ಎಂದಳು. ನಮ್ಮ ಚಾವಿ! ಮೇಜಿಗೆ 'ಮೇಸ', ಕಿಟಕಿಗೆ 'ಜನೆಲ'. ಐನೂರು ವರ್ಷಗಳ ಹಿಂದೆ ಇವರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದ ಮಾತುಗಳು. ನಮ್ಮ ಒಗ್ಗರಣೆಯ ಮೆಣಸಿನಕಾಯಿಯನ್ನೂ ಅಮೆರಿಕ ಖಂಡದಿಂದ ತಂದವರು ಇವರೇ.

ಅಡಿಗೆಮನೆ ಎಲ್ಲರಿಗೂ ಒಂದೇ. ಫ್ರಿಜ್ಜಿನಲ್ಲಿ ಅವರವರ ಹೆಸರು ಬರೆದ ಚೀಲಗಳು. ಊರಿಗೆ ಹೊರಟವರು ಉಳಿದ ಅಕ್ಕಿ, ಉಪ್ಪು, ಎಣ್ಣೆ ಬಿಟ್ಟು ಹೋಗಲು ಒಂದು ಕಪಾಟು. ಅದರಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು. ಗೋಡೆಯ ಮೇಲೆ ಒಂದೇ ಒಂದು ನಿಯಮ: ನೀವು ಬಳಸಿದ ಪಾತ್ರೆ ನೀವೇ ತೊಳೆಯಿರಿ.

ಮೊದಲನೆಯ ರಾತ್ರಿ ಊಟವಾದ ಮೇಲೆ ಅಭ್ಯಾಸಬಲದಿಂದ ಎಲ್ಲರ ತಟ್ಟೆಗಳನ್ನೂ ಸೇರಿಸಿ ತೊಳೆಯತೊಡಗಿದೆ. ಒಬ್ಬ ಜರ್ಮನ್ ಹುಡುಗಿ ಓಡಿ ಬಂದು ನನ್ನ ಕೈಯಿಂದ ಸ್ಪಂಜು ತೆಗೆದುಕೊಂಡು, ನಗುತ್ತಲೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ನಿಜ ಹೇಳುತ್ತೇನೆ, ನನಗೆ ಕೈಕಾಲೇ ಆಡಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಸುಮ್ಮನೆ ಕೂರುವುದು ಕಷ್ಟದ ಕೆಲಸ. ಮೂರನೆಯ ದಿನಕ್ಕೆ ಅದೂ ಅಭ್ಯಾಸವಾಯಿತೆನ್ನಿ!

ಸುಮ್ಮನಿರುವ ನೀರು

ಮಾರನೆಯ ದಿನ ಮಗಳ ಹಿಂದೆ ದಡಕ್ಕೆ ಹೋದೆ. ಅವಳ ಜೊತೆ ಇನ್ನೂ ಒಂಬತ್ತು ಜನ. ಕಲಿಸುವವನು ಇವರನ್ನು ನೇರ ನೀರಿಗೆ ನೂಕುತ್ತಾನೆಂದುಕೊಂಡಿದ್ದೆ. ಇಲ್ಲ, ಅರ್ಧ ಗಂಟೆ ಬರೀ ಮರಳಿನ ಮೇಲೆ ಪಾಠ. ಹಲಗೆಯ ಮೇಲೆ ಬೋರಲು ಮಲಗುವುದು, ಕೈಯಿಂದ ಹುಟ್ಟು ಹಾಕುವುದು, ಎದೆಯ ಪಕ್ಕ ಅಂಗೈ ಊರಿ ಒಂದೇ ಸಲಕ್ಕೆ ಎದ್ದು ಮಂಡಿ ಬಗ್ಗಿಸಿ ಅಡ್ಡಡ್ಡ ನಿಲ್ಲುವುದು. ಹೊಸಬರ ಹಲಗೆ ಸ್ಪಂಜಿನಂತೆ ಮೆತ್ತಗಿರುತ್ತದೆ, ತಲೆಗೆ ತಗಲಿದರೂ ಪೆಟ್ಟು ಕಡಿಮೆ. ಹಲಗೆಗೂ ಕಾಲಿಗೂ ಒಂದು ಹಗ್ಗ. ಸೊಂಟದ ಮಟ್ಟದ ನೀರಿನಲ್ಲಿ, ಆಗಲೇ ಒಡೆದು ನೊರೆಯಾಗಿ ಬರುವ ಅಲೆಯಲ್ಲಿ ಮಾತ್ರ ಅಭ್ಯಾಸ.

ಆಮೇಲೆ ಅವನು ಸಮುದ್ರದ ಕಡೆ ಕೈ ತೋರಿಸಿ ಏನೋ ಕೇಳಿದ. ಮಗಳು ನನಗೆ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಇಲ್ಲಿ ಯಾವ ಜಾಗ ಅಪಾಯ ಅಂತ ಕೇಳ್ತಿದಾರೆ. ನೀನು ಹೇಳು ನೋಡೋಣ." ನಾನು ಬಿಳಿ ನೊರೆ ಕುದಿಯುತ್ತಿದ್ದ ಕಡೆ ತೋರಿಸಿದೆ. ತಪ್ಪು! ಎರಡು ನೊರೆಗಳ ನಡುವೆ ಅಲೆಯೇ ಇಲ್ಲದೆ, ಸ್ವಲ್ಪ ಕಪ್ಪಾಗಿ, ಸುಮ್ಮನೆ ಕಾಣುತ್ತಿದ್ದ ಪಟ್ಟಿಯೇ ಅಪಾಯದ್ದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಬೇಕಲ್ಲ. ಅದು ಇಂಥ ಕಾಲುವೆಯಲ್ಲಿ ಸೇರಿ ಒಳಗೆ ಸೆಳೆಯುತ್ತದೆ. ಗೊತ್ತಿಲ್ಲದವರು ಇಲ್ಲಿ ಅಲೆ ಇಲ್ಲವಲ್ಲ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ಸೆಳೆತಕ್ಕೆ ಎದುರಾಗಿ ಈಜಿ ಸುಸ್ತಾಗಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದು, ಆಮೇಲೆ ದಡದ ಕಡೆ ತಿರುಗಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು.

ಸುಮ್ಮನಿರುವ ನೀರು. ನಮ್ಮೂರಿನ ಕಲ್ಯಾಣಿಯೂ ಹಾಗೇ ಇತ್ತು.

ಮಂಜು

ನಾಲ್ಕನೆಯ ದಿನ ಬೆಳಿಗ್ಗೆ ಅವರು ನೀರಿಗಿಳಿದು ಇಪ್ಪತ್ತು ನಿಮಿಷವಾಗಿತ್ತು. ಆ ಕರಾವಳಿಯಲ್ಲಿ ಬೇಸಗೆಯಲ್ಲಿಯೂ ಇದ್ದಕ್ಕಿದ್ದಂತೆ ಮಂಜು ಕವಿಯುತ್ತದೆ. ನೋಡನೋಡುತ್ತ ಸಮುದ್ರವೇ ಕಾಣದಾಯಿತು. ನಾನು ಎದ್ದು ನಿಂತು ತಲೆ ಎಣಿಸಿದೆ. ಎಲ್ಲರದೂ ಒಂದೇ ಕಪ್ಪು ಉಡುಪು. ಮೂರು ಕಂಡವು, ಆಮೇಲೆ ಎರಡು, ಆಮೇಲೆ ಒಂದೂ ಇಲ್ಲ. ಕೂಗಿದೆ. ಅಲೆಯ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಎಷ್ಟು ಹೊತ್ತಾಯಿತೋ ಕಾಣೆ. "ಅಮ್ಮಾ!" ಎಂಬ ಕೂಗು ಎಡಗಡೆಯಿಂದ ಬಂತು. ಹಲಗೆ ಹೊತ್ತುಕೊಂಡು ಹತ್ತೂ ಜನ ದಡದಗುಂಟ ನಡೆದು ಬರುತ್ತಿದ್ದರು. ಮಂಜು ಕಂಡೊಡನೆ ಕಲಿಸುವವನು ಸೀಟಿ ಊದಿ ಎಲ್ಲರನ್ನೂ ಮೇಲೆ ಕರೆದಿದ್ದನಂತೆ. ನೀರು ಅವರನ್ನು ಪಕ್ಕಕ್ಕೆ ಒಯ್ದದ್ದರಿಂದ ಅಷ್ಟು ದೂರದಲ್ಲಿ ದಡ ಹತ್ತಿದ್ದರು. ನಾನು ನೇರ ಎದುರಿಗೇ ನೋಡುತ್ತ ನಿಂತಿದ್ದೆ.

"ಅಮ್ಮಾ, ನೀನೆಲ್ಲಿದೀಯ ನೋಡು" ಎಂದಳು ಮಗಳು. ಬಗ್ಗಿ ನೋಡಿಕೊಂಡರೆ ಚೂಡಿದಾರ ತೊಡೆಯವರೆಗೂ ಒದ್ದೆ. ನಲವತ್ತೈದು ವರ್ಷ ನೀರಿಗೆ ಕಾಲಿಡದವಳು ಸಮುದ್ರದೊಳಗೆ ನಿಂತಿದ್ದೆ.

ಆ ರಾತ್ರಿ ಹಾಸ್ಟೆಲಿನ ಅಡಿಗೆಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅವಳಿಗೆ ಹೇಳಿದೆ. ನಮ್ಮ ತವರುಮನೆಯ ಗೋಡೆಯ ಫೋಟೋದಲ್ಲಿರುವ ಹುಡುಗ, ಜ್ವರ ಬಂದು ಹೋದ ಎಂದು ಮಕ್ಕಳಿಗೆ ಹೇಳಿದ್ದೆವಲ್ಲ, ಆ ನನ್ನ ತಮ್ಮ ಹೋದದ್ದು ಜ್ವರದಿಂದಲ್ಲ. ಒಂಬತ್ತು ವರ್ಷದವನು, ದೇವಸ್ಥಾನದ ಕಲ್ಯಾಣಿಯಲ್ಲಿ. ಮೆಟ್ಟಿಲ ಮೇಲೆ ನಾನೇ ನಿಂತಿದ್ದೆ. ನನಗೆ ಹನ್ನೆರಡು. ಕೂಗುವುದು ಬಿಟ್ಟು ಇನ್ನೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ ಬೇಡ ಅಂದೆ. ಯಾಕೆ ಬೇಡ ಅಂತ ಒಂದು ಸಲ ಹೇಳಿದ್ದರೆ ನಾನು ಇದನ್ನ ಮುಚ್ಚಿಡ್ತಿರಲಿಲ್ಲ ಅಮ್ಮ" ಎಂದಳು.

ಕೆಂಪು ಬಾವುಟ

ಮರುದಿನ ಗಾಳಿ ಎದ್ದಿತು. ದಡದಲ್ಲಿ ಕೆಂಪು ಬಾವುಟ. ಅಲ್ಲಿ ಹಸಿರಿದ್ದರೆ ಈಜಬಹುದು, ಹಳದಿಯಿದ್ದರೆ ನೀರಿಗಿಳಿಯಬಹುದು ಆದರೆ ಈಜಬಾರದು, ಕೆಂಪಿದ್ದರೆ ನೀರಿಗೆ ಇಳಿಯಲೇಕೂಡದು. ಶಾಲೆಯವರು ಈ ದಿನ ಪಾಠವಿಲ್ಲ ಎಂದು ಬೋರ್ಡು ಬರೆದರು. ಅಷ್ಟು ಉತ್ಸಾಹದ ಹುಡುಗಿಯರು ಒಬ್ಬರೂ ಎದುರಾಡದೆ ಇಸ್ಪೀಟು ಆಡುತ್ತ ಕುಳಿತರು. ನನ್ನ ಮನಸ್ಸಿಗೆ ಪೂರ್ತಿ ಧೈರ್ಯ ಬಂದದ್ದು ಅದನ್ನು ನೋಡಿದ ಮೇಲೆ.

ಅವರೇ ನನಗೆ ಮಾಯಾ ಗಬೇರಾ ಎಂಬ ಬ್ರೆಜಿಲಿನ ಹೆಂಗಸಿನ ಕಥೆ ಹೇಳಿದ್ದು. ಇದೇ ಕರಾವಳಿಯಲ್ಲಿ ಇನ್ನೂ ಉತ್ತರಕ್ಕೆ ನಜರೇ ಎಂಬ ಊರಿದೆ. ಚಳಿಗಾಲದಲ್ಲಿ ಅಲ್ಲಿ ಬೆಟ್ಟದಂಥ ಅಲೆಗಳೇಳುತ್ತವೆ. 2013ರಲ್ಲಿ ಆಕೆ ಅಲ್ಲಿ ಮುಳುಗಿ ಪ್ರಜ್ಞೆ ತಪ್ಪಿದ್ದಳು. ದಡಕ್ಕೆಳೆದು ತಂದು ಉಸಿರು ಮರಳಿಸಿದರು. 2020ರ ಫೆಬ್ರವರಿಯಲ್ಲಿ ಅದೇ ನಜರೇಯಲ್ಲಿ 73.5 ಅಡಿ ಎತ್ತರದ ಅಲೆಯ ಮೇಲೆ ನಿಂತು ಮಹಿಳೆಯರಲ್ಲಿ ವಿಶ್ವದಾಖಲೆ ಮಾಡಿದಳು.

ಮಧ್ಯಾಹ್ನ ಪೆನಿಶ್ ಊರಿನ ಹೆಂಗಸರ ಲೇಸು ಕೆಲಸ ನೋಡಲು ಹೋದೆವು. ದಿಂಬಿನ ಮೇಲೆ ರಟ್ಟಿನ ಮಾದರಿ, ಅದಕ್ಕೆ ಚುಚ್ಚಿದ ಗುಂಡುಸೂಜಿಗಳು, ಮರದ ಪುಟ್ಟ ಕಡ್ಡಿಗಳಿಗೆ ಸುತ್ತಿದ ದಾರ. ಟಕಟಕನೆ ಕಡ್ಡಿ ತಿರುಗಿಸಿ ಹೆಣೆಯುತ್ತಾರೆ. ಬಲೆ ಇರುವಲ್ಲಿ ಲೇಸೂ ಇರುತ್ತದೆ ಎಂದು ಅವರಲ್ಲಿ ಗಾದೆಯಿದೆ. ಗಂಡಸರು ಬಲೆ ಹೊತ್ತು ಸಮುದ್ರಕ್ಕೆ, ಹೆಂಗಸರು ದಡದಲ್ಲಿ ದಾರ ಹಿಡಿದು. ಕಾಯುವವಳ ಕೈಗೆ ಏನಾದರೂ ಕೆಲಸ ಬೇಕಲ್ಲವೇ!

ಕೊನೆಯ ರಾತ್ರಿ ಎಲ್ಲರ ಕಪಾಟಿನ ಅಕ್ಕಿಯಿಂದ ನಾನು ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆ. ತಟ್ಟೆಗಳನ್ನು ಅವರವರೇ ತೊಳೆದರು. ಮನೆ ನೋಡಿಕೊಳ್ಳುವಾಕೆ ಅವರ 'ಹಸಿರು ಸಾರು' ಕಲಿಸಿದಳು. ಅವರು ಅದಕ್ಕೆ ಹಂದಿ ಮಾಂಸದ ತುಂಡು ಹಾಕುತ್ತಾರೆ. ನನಗೆ ಹಾಕದೆ ಕೊಟ್ಟಳು.

ಹಸಿರು ಸಾರು: ನಾಲ್ಕು ಆಲೂಗಡ್ಡೆ, ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿಯನ್ನು ಒಂದು ಲೀಟರು ನೀರಿನಲ್ಲಿ ಬೇಯಿಸಿ, ನುಣ್ಣಗೆ ಮಸೆದು, ಉಪ್ಪು ಹಾಕಿ ಕುದಿಸಿ. ಕೋಸಿನ ಜಾತಿಯ ಸೊಪ್ಪನ್ನು (ನಮ್ಮಲ್ಲಿ ಎಳೆಯ ನವಿಲುಕೋಸಿನ ಎಲೆ ಆಗುತ್ತದೆ) ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಹಾಕಿ, ನಾಲ್ಕೈದು ನಿಮಿಷ ಕುದಿಸಿ ಇಳಿಸಿ. ಮೇಲೆ ಎರಡು ಚಮಚ ಆಲಿವ್ ಎಣ್ಣೆ, ಮೆಣಸಿನ ಪುಡಿ.

ಹೋಗುವವರಿಗೆ ಎರಡು ಮಾತು: ಹಾಸ್ಟೆಲಿಗೆ ಬೀಗ, ಟವೆಲು, ಚಪ್ಪಲಿ, ಕಿವಿಗೆ ಹತ್ತಿ ಒಯ್ಯಿರಿ, ಗೊರಕೆ ಎಲ್ಲ ದೇಶದಲ್ಲೂ ಒಂದೇ. ಮೊದಲೇ ತಿಳಿಸಿ ಕೆಳಗಿನ ಮಂಚ ಕೇಳಿಕೊಳ್ಳಿ. ಸರ್ಫಿಂಗ್ ನೋಡಲು ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ, ನಮ್ಮ ಮೂಲ್ಕಿಯಲ್ಲಿಯೂ ಕಲಿಸುತ್ತಾರೆ.

ಹೋಗದವರಿಗೆ ಒಂದು ಮಾತು: ಕೆರೆ, ಬಾವಿ, ಕೃಷಿ ಹೊಂಡ ಇಲ್ಲದ ಊರು ನಮ್ಮಲ್ಲಿ ಯಾವುದು? ಮಕ್ಕಳನ್ನು ಬರೀ ಹೆದರಿಸಿ ದೂರವಿಡಬೇಡಿ, ಈಜು ಕಲಿಸಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಬಾರದು. ಜನರನ್ನು ಕೂಗಿ ಕರೆಯುತ್ತಲೇ ಹಗ್ಗ, ಸೀರೆ, ಉದ್ದನೆಯ ಗಳು ಚಾಚಬೇಕು, ಬಾಯಿ ಮುಚ್ಚಿದ ಖಾಲಿ ಕ್ಯಾನು ಎಸೆಯಬೇಕು. ಇಷ್ಟನ್ನು ಹನ್ನೆರಡು ವರ್ಷದ ಹುಡುಗಿಯೂ ಮಾಡಬಲ್ಲಳು.

ಊರಿಗೆ ಬಂದ ಮೇಲೆ ಮೊಮ್ಮಗನನ್ನು ಜಿಲ್ಲಾ ಕೇಂದ್ರದ ಈಜುಕೊಳಕ್ಕೆ ಸೇರಿಸಿದ್ದೇವೆ. ಅವನಿಗೆ ಎಂಟು ವರ್ಷ. ಪ್ರತಿ ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಕಟ್ಟೆಯ ಮೇಲೆ ಕುಳಿತು ಈಗಲೂ ತಲೆ ಎಣಿಸುತ್ತೇನೆ. ಆದರೆ ಕಾಲು ನೀರಿನೊಳಗೆ ಇಳಿಬಿಟ್ಟುಕೊಂಡು!