ಬೆಳೆದವನ ಅಂಗಳದಲ್ಲಿ ವಿಯೆನ್ನಾದ ವಾರಾಂತ್ಯ

ಮಹಾನಗರದ ವಾರಾಂತ್ಯವನ್ನು ಅಳೆಯಲು ನಾವು ಹಿಡಿಯುವ ಅಳತೆಗೋಲು ಸಾಮಾನ್ಯವಾಗಿ ಒಂದೇ: ರಾತ್ರಿ ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರುತ್ತದೆ? ಬೆಂಗಳೂರಿನ ಪಬ್ಬುಗಳನ್ನು ಎಷ್ಟು ಗಂಟೆಗೆ ಮುಚ್ಚಿಸಬೇಕು ಎಂದು ವರ್ಷಗಳಿಂದ ನಡೆದಿರುವ ಚರ್ಚೆಯೂ ಗಡಿಯಾರದ ಮುಳ್ಳಿನ ಸುತ್ತಲೇ ಸುತ್ತುತ್ತದೆ. ಈ ಲೆಕ್ಕದಲ್ಲಿ ನೋಡಿದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಅತಿ ಹೆಸರುವಾಸಿ ಕುಡಿತದ ಮನೆಗಳಿಗೆ ಪಾಸ್ ಮಾರ್ಕೂ ಸಿಗಲಾರದು. ಅಲ್ಲಿ ಕುಣಿತದ ನೆಲವಿಲ್ಲ, ಕಾಕ್‌ಟೇಲ್ ಇಲ್ಲ, ಎಷ್ಟೋ ಕಡೆ ಬಿಯರ್ ಕೂಡ ಇಲ್ಲ. ಮಧ್ಯಾಹ್ನವೋ ಸಂಜೆಯೋ ಶುರುವಾಗಿ, ಬೇರೆ ನಗರಗಳ ರಾತ್ರಿ ಕಾವೇರುವ ಹೊತ್ತಿಗೆ ಇಲ್ಲಿ ಬೆಂಚುಗಳನ್ನು ಒರೆಸುತ್ತಿರುತ್ತಾರೆ. ಆದರೂ ಹತ್ತಿರ ಹತ್ತಿರ 20 ಲಕ್ಷ ಜನರಿರುವ ಈ ನಗರಕ್ಕೆ ಶನಿವಾರ ಭಾನುವಾರ ಎಂದರೆ ಮೊದಲು ನೆನಪಾಗುವುದರಲ್ಲಿ ಈ ಮನೆಗಳೂ ಸೇರಿವೆ. ಅವುಗಳ ಹೆಸರು ಹೊಯ್ರಿಗರ್. ಆ ವರ್ಷದ ಹೊಸ ವೈನಿಗೂ ಅದೇ ಹೆಸರು, ಅದನ್ನು ಮಾರುವ ಮನೆಗೂ ಅದೇ ಹೆಸರು. ಇವು ಉಳಿದು ಬಂದಿರುವುದಕ್ಕೆ ವಿಯೆನ್ನಾದವರ ರಸಿಕತೆ ಕಾರಣ ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಕಾರಣ ಒಂದು ಕಾನೂನು. ಎಷ್ಟು ಹೊತ್ತು ಮಾರಬಹುದು ಎಂಬುದಕ್ಕಿಂತ ಯಾರು ಮಾರಬಹುದು, ಏನನ್ನು ಮಾರಬಹುದು ಎಂಬುದರ ಮೇಲೆ ಹೆಚ್ಚು ಗಮನವಿಟ್ಟ ಕಾನೂನು.

ಮೊದಲು ಮನೆಯ ಪರಿಚಯ. ವಿಯೆನ್ನಾದ ಪೌರಾಡಳಿತದ ಎಲ್ಲೆಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ತೋಟವಿದೆ. ಇದು ಯಾರದೋ ಬಂಗಲೆಯ ಹಿತ್ತಲಿನ ಚಪ್ಪರವಲ್ಲ, ಮಾರುಕಟ್ಟೆಗೆಂದೇ ಬೆಳೆಯುವ ಬೆಳೆ. ಜಗತ್ತಿನ ದೊಡ್ಡ ರಾಜಧಾನಿಗಳಲ್ಲಿ ಇಷ್ಟು ವಿಸ್ತಾರದ ದ್ರಾಕ್ಷಿ ಬೇಸಾಯವನ್ನು ತನ್ನೊಳಗೆ ಇಟ್ಟುಕೊಂಡದ್ದು ಇನ್ನೊಂದಿಲ್ಲ. ಪಶ್ಚಿಮ ಮತ್ತು ವಾಯವ್ಯದ ಗುಡ್ಡಗಳ ಇಳಿಜಾರಿನಲ್ಲಿ ಗ್ರಿನ್‌ಟ್ಸಿಂಗ್, ನುಸ್‌ಡೋರ್ಫ್, ನೊಯ್‌ಸ್ಟಿಫ್ಟ್. ಡ್ಯಾನ್ಯೂಬ್ ನದಿಯಾಚೆ ಬೀಸಂಬೆರ್ಗ್ ಗುಡ್ಡದ ಬುಡದಲ್ಲಿ ಶ್ಟಾಮರ್ಸ್‌ಡೋರ್ಫ್. ಒಂದು ಕಾಲಕ್ಕೆ ಬೇರೆ ಬೇರೆ ಹಳ್ಳಿಗಳಾಗಿದ್ದ ಇವು ಈಗ ನಗರದ ಬಡಾವಣೆಗಳು. ಇಲ್ಲಿನ ಬೀದಿಗಳಲ್ಲಿ ಕೆಲವು ಮನೆಗಳ ಬಾಗಿಲ ಮೇಲೆ ಕೋಲಿಗೆ ಕಟ್ಟಿದ ಪೈನ್ ಸೊಪ್ಪಿನ ಗೊಂಚಲು ತೂಗುತ್ತಿರುತ್ತದೆ. ಸೊಪ್ಪು ಕಟ್ಟಿದ್ದರೆ ಮನೆ ತೆರೆದಿದೆ, ಬಿಚ್ಚಿದ್ದರೆ ಮುಚ್ಚಿದೆ. ಬೇರೆ ಬೋರ್ಡು ಬೇಕಿಲ್ಲ. ಒಳಗೆ ಅಂಗಳ, ಮರದ ಕೆಳಗೆ ಉದ್ದನೆಯ ಮೇಜು ಬೆಂಚು. ಪರಿಚಯವಿಲ್ಲದವರೂ ಒಂದೇ ಮೇಜಿಗೆ ಕೂರುವುದು ವಾಡಿಕೆ. ವೈನನ್ನು ಮಾತ್ರ ಮೇಜಿಗೆ ತಂದುಕೊಡುತ್ತಾರೆ, ಕಾಲು ಲೀಟರಿನ ಹಿಡಿಯಿರುವ ಗಾಜಿನ ಮಗ್ಗಿನಲ್ಲಿ. ಬೇಕೆಂದವರಿಗೆ ಅರ್ಧಕ್ಕರ್ಧ ಸೋಡಾ ಬೆರೆಸಿದ ಶ್ಪ್ರಿಟ್ಸರ್. ಊಟಕ್ಕೆ ನಾವೇ ಎದ್ದು ಒಳಗಿನ ಕೌಂಟರಿಗೆ ಹೋಗಬೇಕು. ಗಾಜಿನ ಹಿಂದೆ ಹುರಿದು ಆರಿಸಿದ ಹಂದಿಮಾಂಸ, ಆಲೂಗಡ್ಡೆ ಸಲಾಡ್, ಉಪ್ಪಿನಕಾಯಿ ಸೌತೆ, ಕೆಂಪುಮೆಣಸಿನ ಪುಡಿ ಕಲಸಿದ ಲಿಪ್ಟವರ್ ಎಂಬ ಮೆತ್ತನೆಯ ಚೀಸ್, ದಪ್ಪ ಕಂದು ಬ್ರೆಡ್ಡು. ತೋರಿಸಿದ್ದನ್ನು ತೂಗಿ ತಟ್ಟೆಗೆ ಹಾಕಿಕೊಡುತ್ತಾರೆ.

ಇದೆಲ್ಲದರ ಹಿಂದಿರುವ ಕಾನೂನಿಗೆ ಈಗ 240 ವರ್ಷ ದಾಟಿದೆ. ಇಂದಿನ ಇಟಲಿ ಮತ್ತು ಸ್ಲೊವೇನಿಯಾದ ಗಡಿಯಲ್ಲಿರುವ ಗೊರಿಝಿಯಾ ಸೀಮೆ ಆಗ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ತನ್ನ ಹಿಡಿತದ ಹೋಟೆಲುಗಳಲ್ಲಿ ತನ್ನ ವೈನನ್ನೇ ಮಾರಬೇಕು ಎಂದು ಅಲ್ಲಿನ ಒಬ್ಬ ಜಮೀನ್ದಾರ ಒತ್ತಾಯಿಸುತ್ತಿದ್ದ. ಆ ದೂರು ಅರಮನೆಯವರೆಗೂ ಹೋಯಿತು. ಎರಡನೇ ಜೋಸೆಫ್ 1784ರ ಆಗಸ್ಟ್ 17ರಂದು ಹೊರಡಿಸಿದ ಆಜ್ಞೆ ಅದಕ್ಕೆ ಸಿಕ್ಕ ಉತ್ತರ: ತಾನೇ ಬೆಳೆದ, ತಾನೇ ತಯಾರಿಸಿದ ಆಹಾರ ಪದಾರ್ಥ, ವೈನು, ಹಣ್ಣಿನ ರಸವನ್ನು ಯಾರು ಬೇಕಾದರೂ, ವರ್ಷದ ಯಾವ ಕಾಲದಲ್ಲಾದರೂ, ತಮಗೆ ಸರಿಕಂಡ ಬೆಲೆಗೆ ಮಾರಬಹುದು. ಜಮೀನ್ದಾರನ ಏಕಸ್ವಾಮ್ಯ ಮುರಿಯಲು ಹೊರಟ ಈ ಆಜ್ಞೆಯಲ್ಲಿ ಎರಡು ಮುಖಗಳಿದ್ದವು. ಒಂದು, ಬೆಳೆಗಾರನಿಗೆ ಕೊಟ್ಟ ಹಕ್ಕು. ಇನ್ನೊಂದು, ಆ ಹಕ್ಕಿಗೆ ಹಾಕಿದ ಬೇಲಿ: ತನ್ನದೇ ಆಗಿರಬೇಕು. ಬೇಲಿಯನ್ನು ಆಸ್ಟ್ರಿಯಾ ಇವತ್ತಿಗೂ ಬಿಟ್ಟಿಲ್ಲ. ಬೆಳೆಗಾರ ತನ್ನ ವೈನನ್ನು ತನ್ನ ಅಂಗಳದಲ್ಲಿ ಮಾರುವ ಕಾಯಕಕ್ಕೆ ಬುಶೆನ್‌ಶಾಂಕ್ ಎಂದು ಹೆಸರು. ಅದು ಅಲ್ಲಿನ ಕೈಗಾರಿಕೆ ಮತ್ತು ವ್ಯಾಪಾರ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಕಾನೂನಿನ ಕಣ್ಣಲ್ಲಿ ಅದು ಬೇಸಾಯದ ಭಾಗ, ಹೋಟೆಲ್ ಉದ್ಯಮವಲ್ಲ. ಬೆಳೆಗಾರನಿಗೆ ಹೋಟೆಲಿನ ಪರವಾನಗಿ ಬೇಡ. ಅದಕ್ಕೆ ಬದಲಾಗಿ ಅವನು ಬಿಯರ್ ಮಾರುವಂತಿಲ್ಲ, ಕಾಫಿ ಕೊಡುವಂತಿಲ್ಲ. ಕಾಫಿಗೆ ಪ್ರಾಣ ಬಿಡುವ ವಿಯೆನ್ನಾದಲ್ಲಿ ಕಾಫಿ ಸಿಗದ ಉಪಾಹಾರದ ಜಾಗವೊಂದಿದೆ ಎಂದರೆ ಆ ಬೇಲಿ ಎಷ್ಟು ಗಟ್ಟಿ ಎಂದು ಊಹಿಸಬಹುದು.

ಇದರ ಪರಿಣಾಮವನ್ನು ಬಿಡಿಸಿ ನೋಡಬೇಕು. ಮಾರುವ ಹಕ್ಕು ದುಡ್ಡಿನಿಂದ ಬರುವುದಿಲ್ಲ, ತೋಟದಿಂದ ಬರುತ್ತದೆ. ತೋಟವಿಲ್ಲದ ಬಂಡವಾಳಗಾರ ಬುಶೆನ್‌ಶಾಂಕ್ ತೆರೆಯಲಾರ. ಹತ್ತು ಎಕರೆ ಇರುವವನು ನೂರು ಎಕರೆಯ ವೈನು ಸುರಿಯಲಾರ. ಹೆಕ್ಟೇರಿಗೆ ಇಷ್ಟೇ ಇಳುವರಿ ಎಂದು ವೈನ್ ಕಾನೂನು ಮಿತಿ ಹಾಕಿರುವುದರಿಂದ, ಗಿರಾಕಿ ಹೆಚ್ಚಾದರು ಎಂದು ಬಳ್ಳಿಯನ್ನು ಹಿಂಡುವ ಹಾಗೂ ಇಲ್ಲ. ಹೀಗಾಗಿ ಇಂಥ ಎಷ್ಟೋ ಮನೆಗಳು ವರ್ಷವಿಡೀ ತೆರೆದಿರುವುದಿಲ್ಲ. ಕೆಲವು ವಾರ ಸೊಪ್ಪು ಕಟ್ಟುತ್ತಾರೆ, ಆಮೇಲೆ ಬಿಚ್ಚಿ ತೋಟದ ಕೆಲಸಕ್ಕೆ ಇಳಿಯುತ್ತಾರೆ. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಬಾಗಿಲಿಗೆ ಸೊಪ್ಪು ಬಿದ್ದಿರುತ್ತದೆ. ಹಲವು ಶಾಖೆಗಳ ಸರಪಳಿ ಕಂಪನಿಗೆ ಇಂಥ ವ್ಯಾಪಾರ ಲಾಭದ್ದಲ್ಲ, ಆದ್ದರಿಂದಲೇ ಅದು ಇತ್ತ ತಲೆಹಾಕುವುದಿಲ್ಲ. ಇದಕ್ಕಿಂತ ದೊಡ್ಡ ಲಾಭ ನಗರದ್ದು. ರಿಯಲ್ ಎಸ್ಟೇಟ್ ಲೆಕ್ಕದಲ್ಲಿ ಚಿನ್ನದ ಬೆಲೆ ಬಾಳುವ ಇಳಿಜಾರುಗಳು ಇಂದಿಗೂ ತೋಟವಾಗಿಯೇ ಉಳಿದಿರುವುದಕ್ಕೆ ನಗರದ ಕಟ್ಟುನಿಟ್ಟಿನ ಭೂಬಳಕೆ ನಿಯಮಗಳು ಒಂದು ಕಾರಣ. ತೋಟ ಹೋದರೆ ಅಂಗಳದ ಹಕ್ಕೂ ಹೋಗುತ್ತದೆ ಎಂಬ ಬೆಳೆಗಾರರ ಸ್ವಂತ ಲೆಕ್ಕ ಇನ್ನೊಂದು. ಬರೀ ನಿಷೇಧದಿಂದ ಹಸಿರು ಉಳಿಯುವುದಿಲ್ಲ. ಉಳಿಸಿದವನಿಗೆ ಅದರಿಂದ ಸಂಪಾದನೆಯೂ ಆಗಬೇಕು.

ಬಾಟಲಿಯೊಳಗೂ ಈ ಬೇಲಿಯ ಗುರುತಿದೆ. ವಿಯೆನ್ನಾದ ತನ್ನದೇ ವೈನಿನ ಹೆಸರು ಗೆಮಿಶ್ಟರ್ ಜಾಟ್ಸ್. ಬೇರೆ ಕಡೆ ಒಂದೊಂದು ತಳಿಯ ವೈನನ್ನು ಬೇರೆಯಾಗಿ ತಯಾರಿಸಿ ಕೊನೆಗೆ ಬೆರೆಸುತ್ತಾರೆ; ಇಲ್ಲಿ ಒಂದೇ ತೋಟದಲ್ಲಿ ಹಲವು ತಳಿಗಳನ್ನು ಕಲಸುಮೇಲೋಗರವಾಗಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹಿಂಡುತ್ತಾರೆ. ಗ್ರೂನರ್ ವೆಲ್ಟ್‌ಲೀನರ್ ಪಕ್ಕದಲ್ಲೇ ರೀಸ್ಲಿಂಗ್, ಅದರ ಪಕ್ಕದಲ್ಲಿ ಇನ್ನೊಂದು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಬುದ್ಧಿಯೇ ಇದು: ಹೂ ಬಿಡುವ ಹೊತ್ತಿಗೆ ಮಂಜು ಬಿದ್ದು ಒಂದು ತಳಿ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಒಂದು ಕಾಯಿ ಪೂರ್ತಿ ಹಣ್ಣಾಗಿ ಸಿಹಿ ಕೊಟ್ಟರೆ, ಇನ್ನೂ ದೋರೆಯಾಗಿರುವ ಇನ್ನೊಂದು ಹುಳಿ ಕೊಡುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಇದನ್ನು ಹಳೇ ಕಾಲದ ಅಗ್ಗದ ವೈನೆಂದು ಮೂಲೆಗೆ ಸರಿಸಲಾಗಿತ್ತು. ಈಗಿನ ತಲೆಮಾರಿನ ಬೆಳೆಗಾರರು ಅದನ್ನು ಮತ್ತೆ ಎತ್ತಿಕೊಂಡು ಮರ್ಯಾದೆ ತಂದರು, 2013ರಲ್ಲಿ ಅದಕ್ಕೆ ಪ್ರಾದೇಶಿಕ ಮಾನ್ಯತೆಯೂ ಸಿಕ್ಕಿತು. ನಿಯಮ ಹೀಗಿದೆ: ಕನಿಷ್ಠ ಮೂರು ಬಿಳಿ ತಳಿಗಳಿರಬೇಕು, ಯಾವ ಒಂದು ತಳಿಯೂ ಅರ್ಧಕ್ಕಿಂತ ಹೆಚ್ಚಿರಬಾರದು, ಮೂರನೆಯದು ನೂರಕ್ಕೆ 10 ಭಾಗವಾದರೂ ಇರಬೇಕು. ಬಾಯಲ್ಲಿ ಇದು ತೆಳು, ಚುರುಕು. ಹೆಚ್ಚು ಯೋಚಿಸದೆ ಕುಡಿಯುವ ವೈನು. ಹೊಗಳಿಕೆಯಾಗಿಯೇ ಈ ಮಾತು.

ಬೆಳೆಗಾರನ ಕೈಯಿಂದಲೇ ಕೊಂಡರೆ ಮೋಸವಿಲ್ಲ ಎಂಬ ಮುಗ್ಧ ನಂಬಿಕೆಯ ಮೇಲೆ ಇದನ್ನೆಲ್ಲ ಕಟ್ಟಬಾರದು ಎನ್ನುವವರ ಬಳಿ ಗಟ್ಟಿ ಸಾಕ್ಷಿಯೇ ಇದೆ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಪತ್ತೆಯಾಯಿತು. ತೆಳು ವೈನನ್ನು ದಟ್ಟವಾಗಿ, ಸಿಹಿಯಾಗಿ ತೋರಿಸಲು ಬೆರೆಸಿದ್ದ ಕಲಬೆರಕೆ ಅದು. ಹಲವು ದೇಶಗಳು ಆಸ್ಟ್ರಿಯಾದ ವೈನನ್ನು ತಡೆಹಿಡಿದವು, ರಫ್ತು ಕುಸಿದುಬಿತ್ತು. ಅದೇ ವರ್ಷ ಯುರೋಪಿನಲ್ಲೇ ಅತಿ ಬಿಗಿ ಎನ್ನಬಹುದಾದ ವೈನ್ ಕಾನೂನು ಬಂತು. ಆದರೆ ಈ ಪ್ರಕರಣ ನನ್ನ ವಾದವನ್ನು ಅಲುಗಾಡಿಸುವುದಕ್ಕಿಂತ ಗಟ್ಟಿ ಮಾಡುತ್ತದೆ. ಕಲಬೆರಕೆಗೆ ಬಲ ಬಂದದ್ದು ಎಲ್ಲಕ್ಕಿಂತ ಹೆಚ್ಚಾಗಿ ದೂರದ ಮಾರುಕಟ್ಟೆಗೆ ಅಗ್ಗದ ದರದಲ್ಲಿ ಟ್ಯಾಂಕರುಗಟ್ಟಲೆ ಸಾಗಿದ ಸಿಹಿ ವೈನಿನ ವ್ಯಾಪಾರದಿಂದ. ಅಲ್ಲಿ ಕುಡಿಯುವವನಿಗೂ ಬೆಳೆದವನಿಗೂ ನಡುವೆ ನಾಲ್ಕಾರು ಕೈಗಳಿದ್ದವು. ನಾಳೆಯೂ ಅದೇ ಬೆಂಚಿಗೆ ಬಂದು ಕೂರುವ ಪಕ್ಕದ ಬೀದಿಯವನಿಗೆ ಮೋಸ ಮಾಡುವುದು ಅಷ್ಟು ಸುಲಭವಲ್ಲ. ಹಾಗೆಂದು ಮುಖ ಪರಿಚಯವೊಂದೇ ಸಾಲದು, ಇನ್‌ಸ್ಪೆಕ್ಟರೂ ಬೇಕು ಎಂಬ ಪಾಠವನ್ನು ಆಸ್ಟ್ರಿಯಾ ಆ ವರ್ಷ ಭಾರೀ ಬೆಲೆ ತೆತ್ತು ಕಲಿತಿತು.

ಎರಡನೆಯ ಆಕ್ಷೇಪ ವಿಯೆನ್ನಾದವರೇ ಎತ್ತುವುದು: ಇದೆಲ್ಲ ಈಗ ಪ್ರವಾಸಿಗರಿಗಾಗಿ ಹಾಕುವ ವೇಷ. ಗ್ರಿನ್‌ಟ್ಸಿಂಗ್‌ನ ಕೆಲವು ಬೀದಿಗಳ ಮಟ್ಟಿಗೆ ಈ ಮಾತು ನಿಜ. ಹೋಟೆಲಿನ ಪರವಾನಗಿ ಪಡೆದು, ಬಸ್ಸುಗಟ್ಟಲೆ ಬರುವ ತಂಡಗಳಿಗೆ ಬಿಸಿಬಿಸಿ ಊಟ ಹಾಕಿ, ಹಾಡು ಕೇಳಿಸಿ ಕಳಿಸುವ ದೊಡ್ಡ ಮನೆಗಳೂ ಹೊಯ್ರಿಗರ್ ಎಂದೇ ಕರೆದುಕೊಳ್ಳುತ್ತವೆ. ಸಂಗೀತದ್ದೂ ಅದೇ ಕತೆ. 1878ರಲ್ಲಿ ಯೊಹಾನ್ ಮತ್ತು ಯೋಸೆಫ್ ಶ್ರಾಮೆಲ್ ಎಂಬ ಅಣ್ಣತಮ್ಮಂದಿರು ಎರಡು ಪಿಟೀಲು, ಒಂದು ಜೋಡಿಕತ್ತಿನ ಗಿಟಾರು ಸೇರಿಸಿ ಕಟ್ಟಿದ ಮೇಳಕ್ಕೆ ಆಮೇಲೆ ಸಣ್ಣ ಕ್ಲಾರಿನೆಟ್ ಸೇರಿತು; ವೈನ್ ಅಂಗಳಗಳಲ್ಲಿ ಅವರು ನುಡಿಸಿದ ಸಂಗೀತ ಶ್ರಾಮೆಲ್ ಎಂಬ ಹೆಸರಿನಲ್ಲೇ ಒಂದು ಪ್ರಕಾರವಾಯಿತು. ನಗರದ ಹೆಸರಾಂತ ಸಂಗೀತಗಾರರೂ ಅದನ್ನು ಕೇಳಲು ಬರುತ್ತಿದ್ದರು. ಇಂದು ಅದು ಕೆಲವು ಕಡೆ ಫೋಟೋಗೆಂದು ಮೇಜಿನಿಂದ ಮೇಜಿಗೆ ಅಲೆಯುವ ಅಕಾರ್ಡಿಯನ್ ಮಾತ್ರ. ಆದರೆ ನಕಲು ಹುಟ್ಟಿದೆ ಎಂದ ಮಾತ್ರಕ್ಕೆ ಅಸಲು ಸತ್ತಿದೆ ಎಂದಲ್ಲ. ಎರಡನ್ನೂ ಬೇರ್ಪಡಿಸುವ ಗೆರೆ ಇಲ್ಲಿ ಕಾನೂನಿನಲ್ಲೇ ಇದೆ, ಕಣ್ಣಿಗೂ ಕಾಣುತ್ತದೆ: ತಣ್ಣನೆಯ ತಿಂಡಿ, ಸ್ವಂತ ವೈನು, ಬಿಯರಿಲ್ಲದ ಪಟ್ಟಿ. 2019ರಲ್ಲಿ ವಿಯೆನ್ನಾದ ಹೊಯ್ರಿಗರ್ ಸಂಸ್ಕೃತಿ ಆಸ್ಟ್ರಿಯಾದ ಯುನೆಸ್ಕೋ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಇಂಥ ಪಟ್ಟಿಗಳಿಂದ ಪರಂಪರೆ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ, ತೆರಿಗೆ ಮತ್ತು ಭೂಮಿಯ ಕಾನೂನಿನಿಂದ ಉಳಿಯುತ್ತದೆ.

ಎಲ್ಲಕ್ಕಿಂತ ಭಾರದ ಆಕ್ಷೇಪ ಬೇರೆ. ಎಷ್ಟು ಸೊಗಸಾಗಿ ಕುಡಿದರೂ ಕುಡಿತ ಕುಡಿತವೇ ತಾನೆ? ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲೊಬ್ಬನ ಕುಡಿತದಿಂದ ಬೀದಿಪಾಲಾದ ಕುಟುಂಬಗಳು ಊರೂರಲ್ಲೂ ಇರುವ ನಾಡಿನಲ್ಲಿ ಕೂತು ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆಸ್ಟ್ರಿಯಾವೂ ಕಡಿಮೆ ಕುಡಿಯುವ ದೇಶವಲ್ಲ. ಹೊಯ್ರಿಗರ್ ಅಲ್ಲಿನ ಕುಡಿತವನ್ನು ಇಳಿಸಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹೇಳುವುದು ಇಷ್ಟೇ: ಕುಡಿಯುವವರು ಹೇಗೂ ಕುಡಿಯುವ ಊರಿನಲ್ಲಿ, ಕುಡಿಯುವ ಜಾಗ ಹೇಗಿದೆ ಎಂಬುದಕ್ಕೆ ಬೆಲೆಯಿದೆ. ಕತ್ತಲೆಯ ಬಾರಿನಲ್ಲಿ ನಿಂತೇ ಕ್ವಾರ್ಟರ್ ಇಳಿಸುವುದು ಬೇರೆ. ಮಕ್ಕಳು ಓಡಾಡುವ ಅಂಗಳದಲ್ಲಿ ಅಜ್ಜಿಯ ಪಕ್ಕ ಕೂತು ಸೋಡಾ ಬೆರೆಸಿದ ವೈನನ್ನು ಊಟದ ಜೊತೆ ಗುಟುಕರಿಸುವುದು ಬೇರೆ. ಅಜ್ಜಿಯ ಎದುರು ತೂರಾಡಲು ನಾಚಿಕೆಯಾಗುತ್ತದೆ. ಮನೆಗೆ ಮರಳುವ ದಾರಿಯೂ ಮುಖ್ಯ. ಹೊಯ್ರಿಗರ್ ಇರುವ ಬಡಾವಣೆಗಳೆಲ್ಲ ಟ್ರಾಮ್ ಅಥವಾ ಬಸ್ಸಿನ ಕೊನೆಯ ನಿಲ್ದಾಣಗಳ ಆಸುಪಾಸಿನಲ್ಲಿವೆ. 2010ರಿಂದ ವಾರಾಂತ್ಯದ ರಾತ್ರಿಗಳಲ್ಲಿ ನಗರದ ಮೆಟ್ರೋ ಬೆಳಗಿನವರೆಗೂ ಓಡುತ್ತದೆ. ಕುಡಿದವನು ಕಾರಿನ ಕೀಲಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಕಡೆಗೆ ತಿರುಗಿದರೆ, ಬೆಂಗಳೂರಿಗೂ ದ್ರಾಕ್ಷಿಯ ನೆರೆ ಇದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ಬ್ಲೂ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ತಳಿಗಳ ತೋಟಗಳಿವೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿದೆ. ಆದರೆ ಈ ಸೀಮೆಯ ವೈನಿನ ಬಹುಭಾಗ ನಗರ ಸೇರುವುದು ಡಿಪೋ, ಅಂಗಡಿ, ರೆಸ್ಟೋರೆಂಟಿನ ದಾರಿಯಲ್ಲಿ. ವಾರಾಂತ್ಯಕ್ಕೆ ನಂದಿಯ ಕಡೆ ಕಾರು ಓಡಿಸುವವರ ಸಾಲು ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ದಾರಿಯ ಎರಡೂ ಕಡೆ ತೋಟ ಹೋಗಿ ಲೇಔಟ್ ಬರುತ್ತಿದೆ. ವಿಯೆನ್ನಾದ ನಕಲು ಇಲ್ಲಿ ಆಗಬೇಕೆಂದು ನಾನು ಹೇಳಲಾರೆ: ನಮ್ಮ ಮಣ್ಣು ಬೇರೆ, ಅಬಕಾರಿಯ ಮೇಲೆ ನಿಂತಿರುವ ನಮ್ಮ ಖಜಾನೆ ಬೇರೆ. ಆದರೂ ಪಬ್ಬು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬೇಕೇ ಎಂದು ವಾದಿಸುವಾಗಲೆಲ್ಲ, ಬೆಳೆದವನ ಅಂಗಳದಲ್ಲಿ ಏಕೆ ಮಾರಬಾರದು ಎಂಬ ಪ್ರಶ್ನೆಯನ್ನೂ ಜೊತೆಗೆ ಕೇಳಬಹುದು.

ವಿಯೆನ್ನಾಕ್ಕೆ ಹೋಗುವ ಕನ್ನಡಿಗರಿಗೆ ಎರಡು ಮಾತು. ಗ್ರಿನ್‌ಟ್ಸಿಂಗ್‌ನ 38ನೇ ನಂಬರಿನ ಟ್ರಾಮನ್ನು ಬಿಟ್ಟು, ಶ್ಟಾಮರ್ಸ್‌ಡೋರ್ಫಿಗೆ ಹೋಗುವ 31ನ್ನು ಹತ್ತಿ. ಹೊರಡುವ ಮುನ್ನ ಯಾವ ಮನೆ ಆ ವಾರ ತೆರೆದಿದೆ ಎಂದು ವಿಚಾರಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಶ್ಟುರ್ಮ್ ಸಿಗುತ್ತದೆ, ಇನ್ನೂ ಹುದುಗುತ್ತಿರುವ ಮೋಡಮೋಡದ ಹೊಸ ರಸ. ಅದು ಬಾಟಲಿಯಲ್ಲೂ ಉಸಿರಾಡುತ್ತಿರುವುದರಿಂದ ಮುಚ್ಚಳ ಬಿಗಿ ಹಾಕುವುದಿಲ್ಲ, ಬ್ಯಾಗಿನಲ್ಲಿ ಮಲಗಿಸಿ ತರಲು ಹೋಗಬೇಡಿ. ಮಾಂಸ ತಿನ್ನದವರಿಗೆ ಲಿಪ್ಟವರ್ ಮತ್ತು ಬ್ರೆಡ್ಡು ಉಂಟು. ಕುಡಿಯದವರಿಗೆ ಅದೇ ತೋಟದ ದ್ರಾಕ್ಷಿ ರಸ ಸಿಗುತ್ತದೆ, ಅದೇ ಬೆಂಚಿನಲ್ಲಿ.