ಬಕೆಟ್ಟನ್ನು ಒದ್ದವರು ಯಾರು?



ಇಂಗ್ಲಿಷ್ ಕಲಿಕೆಯ ಬಗ್ಗೆ ಮಾತುಕತೆಯೊಂದನ್ನು ಚಿತ್ರೀಕರಿಸಲು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಗೆ ಹೋಗಿದ್ದೆವು. ಕ್ಯಾಮರಾ ನಿಂತ ಮೇಲೆ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದ. ಹಿಂದಿನ ವರ್ಷ ಅವನು ಬೇರೊಂದು ಊರಿನ ಶಾಲೆಯಲ್ಲಿದ್ದಾಗ ಅವನ ತಾತ ತೀರಿಕೊಂಡಿದ್ದರು. ರಜಾ ಅರ್ಜಿಯಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಎಂದು ಬರೆದನಂತೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ತರಗತಿಯೆಲ್ಲ ನಕ್ಕಿತು. “ಗೈಡಿನಲ್ಲಿ ಅರ್ಥ ‘ಸಾಯುವುದು’ ಅಂತಲೇ ಇತ್ತು ಸಾರ್. ನಾನೇನು ತಪ್ಪು ಬರೆದೆ?” ಎಂದು ಕೇಳಿದ. ತಾತನಿಗೆ ತಾನೇ ಅವಮಾನ ಮಾಡಿದೆನೇನೋ ಎಂಬ ಕೊರಗು ಅವನಿಗಿತ್ತು.

ಅವನು ತಿಳಿದ ಅರ್ಥ ಸರಿಯಾಗಿಯೇ ಇತ್ತು. ಬಳಸಿದ ಜಾಗ ಸರಿಯಿರಲಿಲ್ಲ, ಅಷ್ಟೆ. ಇದನ್ನು ಕನ್ನಡದಲ್ಲೇ ನೋಡಿ. ಹಿರಿಯರು ಹೋದಾಗ ‘ಶಿವನ ಪಾದ ಸೇರಿದರು’, ‘ಕಾಲವಾದರು’ ಎನ್ನುತ್ತೇವೆ. ಪತ್ರದಲ್ಲಾದರೆ ‘ನಿಧನರಾದರು’ ಎಂದು ಬರೆಯುತ್ತೇವೆ. ಸಿನಿಮಾದ ಖಳನಾಯಕ ಸತ್ತರೆ ‘ಗೊಟಕ್ ಅಂದ’, ‘ನೆಗೆದುಬಿದ್ದ’ ಎಂದು ನಗುತ್ತೇವೆ. ‘ಕಿಕ್ ದ ಬಕೆಟ್’ ಈ ನೆಗೆದುಬೀಳುವ ಗುಂಪಿಗೆ ಸೇರಿದ್ದು. 1785ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ನಿಘಂಟಿನಲ್ಲಿ ಅದು ದಾಖಲಾಗಿದೆ. ಆದರೆ ಅದು ಬೀದಿಯ ಒರಟು ಮಾತುಗಳ ನಿಘಂಟು! ರಜಾ ಅರ್ಜಿಗೆ ‘ಪಾಸ್ಡ್ ಅವೇ’ ಸಾಕು. ನಮ್ಮಲ್ಲಿ ‘ಎಕ್ಸ್‌ಪೈರ್ಡ್’ ಎಂದು ಬರೆಯುವ ರೂಢಿಯೂ ಉಂಟು. ಇಂಗ್ಲೆಂಡಿನವರಿಗೆ ಆ ಪದ ಕೇಳಿದರೆ ಔಷಧದ ಸೀಸೆಯೋ ಪಾಸ್‌ಪೋರ್ಟೋ ನೆನಪಾಗುವುದೇ ಹೆಚ್ಚು.

ನುಡಿಗಟ್ಟು ಎಂಬ ಹೆಸರೇ ಹೇಳುವಂತೆ ಅದು ಕಟ್ಟಿದ ಮಾತು. ಕಟ್ಟು ಬಿಚ್ಚಿದರೆ ಅರ್ಥ ಉಳಿಯುವುದಿಲ್ಲ. ‘ಗೆಳೆಯ ಕೈಕೊಟ್ಟ’ ಎಂದರೆ ನಂಬಿಸಿ ಮೋಸ ಮಾಡಿದ ಎಂದು ಎಲ್ಲರಿಗೂ ಗೊತ್ತು. ‘ಗೆಳೆಯ ಹಸ್ತ ನೀಡಿದ’ ಎಂದರೆ ಅರ್ಥವೇ ತಲೆಕೆಳಗು! ಹಾಗೆಯೇ ಬಕೆಟ್ ಎನ್ನುವಲ್ಲಿ ‘ಪೇಲ್’ ಎಂದರೆ, ಎರಡಕ್ಕೂ ಅರ್ಥ ಒಂದೇ ಆದರೂ, ನುಡಿಗಟ್ಟು ಕೆಟ್ಟಿತು. ಕನ್ನಡದ ಪದಗಳ, ಮಾತುಗಳ ಗುಟ್ಟನ್ನು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಬಿಡಿಸಿ ಹೇಳುತ್ತಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021). ಅವರ ಹೆಸರಿನ ‘ಜಿ’ ಎಂದರೆ ಪಕ್ಕದ ಶ್ರೀರಂಗಪಟ್ಟಣದ ಗಂಜಾಂ. ಆ ಬರಹಗಳು ಪುಸ್ತಕರೂಪದಲ್ಲೂ ಬಂದಿವೆ. ಇಂಗ್ಲಿಷ್ ಕಲಿಯುವವರೂ ಅವನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ.

ಹೊಸ ನುಡಿಗಟ್ಟು ಸಿಕ್ಕಾಗ ಅದರ ಹಿಂದಿರುವ ಕೆಲಸವನ್ನು ಹುಡುಕಿ. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬುದನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ರೈತ ಚಳಿಗಾಲದ ಮೇವಿಗಾಗಿ ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಬೇಕು. ಅಲ್ಲಿನ ಬಿಸಿಲನ್ನು ನಂಬುವಂತಿಲ್ಲ. ನಡುವೆ ಮಳೆ ಬಿದ್ದರೆ ಹುಲ್ಲು ಕೊಳೆಯುತ್ತದೆ. ನಮಗೆ ಬಿಸಿಲಿಗೆ ಬರವಿಲ್ಲ. ಕಣದಲ್ಲಿ ನಾವು ಕಾಯುವುದು ಗಾಳಿಗೆ. ಗಾಳಿ ಬೀಸಿದಾಗ ಮೊರವೆತ್ತಿ ತೂರಿದರೆ ಹೊಟ್ಟು ಹಾರಿ ಕಾಳು ಕೆಳಗೆ ಬೀಳುತ್ತದೆ. ಅದಕ್ಕೇ ನಮ್ಮವರು ‘ಗಾಳಿ ಬಂದಾಗ ತೂರಿಕೋ’ ಎಂದರು. ಹುಲ್ಲನ್ನೂ ಸೂರ್ಯನನ್ನೂ ಕನ್ನಡಕ್ಕೆ ಹೊತ್ತು ತರಬೇಕಾದ ಅಗತ್ಯವೇ ಇಲ್ಲ. ಒಂದು ಎಚ್ಚರಿಕೆ: ‘ಅವನು ಗಾಳಿ ಬಂದಾಗ ತೂರಿಕೊಂಡ’ ಎಂದು ಇನ್ನೊಬ್ಬರ ಬಗ್ಗೆ ಹೇಳಿದಾಗ ಅದರಲ್ಲಿ ಸ್ವಲ್ಪ ಆಕ್ಷೇಪವೂ ಇರುತ್ತದೆ.

ವಿಜ್ಞಾನ ಓದಿದ ನನಗೆ ಪ್ರಿಯವಾದದ್ದು ‘ಆಸಿಡ್ ಟೆಸ್ಟ್’. ಅಕ್ಕಸಾಲಿಗರು ಒಡವೆಯನ್ನು ಕಪ್ಪು ಒರೆಗಲ್ಲಿನ ಮೇಲೆ ಉಜ್ಜಿ, ಆ ಗೆರೆಯ ಮೇಲೆ ನೈಟ್ರಿಕ್ ಆಮ್ಲದ ಹನಿ ಹಾಕುತ್ತಾರೆ. ಹಿತ್ತಾಳೆಯ ಗೆರೆ ಕರಗಿ ಮಾಯವಾಗುತ್ತದೆ; ಅಪ್ಪಟ ಚಿನ್ನದ ಗೆರೆ ಹಾಗೆಯೇ ಉಳಿಯುತ್ತದೆ. ಇದೇ ಪರೀಕ್ಷೆಯಿಂದ ಇಂಗ್ಲಿಷಿನವರು ಆಮ್ಲವನ್ನು ಎತ್ತಿಕೊಂಡರು. ನಾವು ಕಲ್ಲನ್ನು ಎತ್ತಿಕೊಂಡು ‘ಒರೆಗೆ ಹಚ್ಚು’ ಎಂದೆವು. ಹೊಸ ಪಂಪ್‌ಸೆಟ್ಟಿಗೆ ಏಪ್ರಿಲ್ ತಿಂಗಳೇ ‘ಆಸಿಡ್ ಟೆಸ್ಟ್’ ಎಂದು ಧಾರಾಳವಾಗಿ ಹೇಳಬಹುದು.

‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದರೆ ಧೋ ಎಂದು ಮಳೆ ಸುರಿಯುವುದು. ಗೈಡುಗಳಿಗೆ ಇದು ಬಲು ಪ್ರಿಯ. ಇಂಗ್ಲಿಷ್ ಮನೆಮಾತಿನವರು ಈಗ ಸಾಮಾನ್ಯವಾಗಿ ‘ಇಟ್ಸ್ ಪೋರಿಂಗ್’ ಎಂದು ಮುಗಿಸುತ್ತಾರೆ.

ನೋಟ್‌ಬುಕ್ಕಿನಲ್ಲಿ ನುಡಿಗಟ್ಟಿನ ಎದುರು ಅರ್ಥವೊಂದನ್ನೇ ಬರೆದು ನಿಲ್ಲಿಸಬೇಡಿ. ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಕ್ಯಾತನಹಳ್ಳಿಯ ಹುಡುಗ ಅಲ್ಲೇ ಕುಳಿತು ಬರೆದುಕೊಂಡ: ‘ಕಿಕ್ ದ ಬಕೆಟ್ – ಸಾಯುವುದು – ಗೆಳೆಯರ ನಡುವೆ, ತಮಾಷೆಗೆ, ಸಿನಿಮಾ ವಿಲನ್ನಿಗೆ.’ ಅದರ ಕೆಳಗಿನ ಸಾಲಿನಲ್ಲಿ: ‘ಪಾಸ್ಡ್ ಅವೇ – ತಾತನಿಗೆ.’